ಕನ್ನಡ ಬಲ್ಲವರೆಂಬುದಕ್ಕೆ ಸಾಕ್ಷಿ ಯಾವುದು?

ಪ್ಯಾರಿಸ್‌ನಲ್ಲೇ ಹುಟ್ಟಿ, ಅಲ್ಲೇ ಓದಿ, ಫ್ರೆಂಚ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿದವರೇ ಆಗಲಿ, ಕುಶಲ ಕೆಲಸಗಾರರಾಗಿ ಕೆನಡಾಕ್ಕೆ ವಲಸೆ ಹೋಗಲು ಅರ್ಜಿ ಹಾಕಿ ಫ್ರೆಂಚ್ ಬರುತ್ತದೆಂದು ಅಂಕ ಕೇಳಿದರೆ ಪರೀಕ್ಷೆ ಕೊಡಲೇಬೇಕು. ಪದವಿ ಪತ್ರ ನಡೆಯುವುದಿಲ್ಲ, ಹುಟ್ಟೂರಿನ ಹೆಸರೂ ನಡೆಯುವುದಿಲ್ಲ. ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ, ಎರಡರಲ್ಲಿ ಒಂದು ಪರೀಕ್ಷೆಗೆ ಕೂತು, ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ತರಬೇಕು. ಆ ಅಂಕಗಳನ್ನು 12 ಮಟ್ಟಗಳ ಒಂದು ಅಳತೆಪಟ್ಟಿಗೆ ಹೊಂದಿಸಿ ನೋಡುತ್ತಾರೆ. ನಾಲ್ಕರಲ್ಲೂ ಏಳನೇ ಮಟ್ಟ ಮುಟ್ಟಿ, ಜೊತೆಗೆ ಸಾಧಾರಣ ಇಂಗ್ಲಿಷ್ ಇದ್ದರೆ 50 ಹೆಚ್ಚುವರಿ ಅಂಕ. ಫಲಿತಾಂಶಕ್ಕೆ ಎರಡೇ ವರ್ಷದ ಆಯಸ್ಸು. ಆಮೇಲೆ ಮತ್ತೆ ಪರೀಕ್ಷೆ. ಇದರಿಂದ ಸಿಗುವ ಲಾಭ ಸಣ್ಣದಲ್ಲ. 2024ರ ಫೆಬ್ರುವರಿ 28ರಂದು ಕೆನಡಾ ಸಾಮಾನ್ಯ ಅರ್ಜಿದಾರರನ್ನು ಕರೆದಾಗ ಕೊನೆಯವರಿಗೆ 1,200ಕ್ಕೆ 534 ಅಂಕ ಬೇಕಾಯಿತು. ಮಾರನೇ ದಿನ ಫ್ರೆಂಚ್ ಬಲ್ಲವರನ್ನಷ್ಟೇ ಕರೆದಾಗ 336 ಸಾಕಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಕೆಲಸ ಮುಗಿಸಿ ಸಂಜೆ ಫ್ರೆಂಚ್ ತರಗತಿಗೆ ಓಡುತ್ತಿರುವುದಕ್ಕೆ ಕಾರಣ ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿದೆ, ಫ್ರೆಂಚ್ ಸಿನಿಮಾದ ಮೇಲಿನ ಪ್ರೀತಿಯಲ್ಲಿ ಅಲ್ಲ.

ಕೆನಡಾ ಹೀಗೆ ಮಾಡುವುದಕ್ಕೆ ಬಚ್ಚಿಟ್ಟ ಕಾರಣವೇನೂ ಇಲ್ಲ. ಕ್ವಿಬೆಕ್ ಪ್ರಾಂತ್ಯದ ಹೊರಗೆ ಫ್ರೆಂಚ್ ಆಡುವವರ ಪಾಲು ಕರಗುತ್ತಿದೆ. ವಲಸೆಯ ಮೂಲಕ ಅದನ್ನು ತುಂಬಿಸಿಕೊಳ್ಳಬೇಕು ಎಂದು ಸರ್ಕಾರ ಬಹಿರಂಗವಾಗಿ ಗುರಿ ಇಟ್ಟುಕೊಂಡಿದೆ. 2024ಕ್ಕೆ ಆ ಗುರಿ ಕ್ವಿಬೆಕ್ ಬಿಟ್ಟು ಉಳಿದೆಡೆ ನೆಲೆಸುವ ವಲಸಿಗರಲ್ಲಿ ಶೇ 6 ಇತ್ತು. ಗುರಿ ಸರಿಯೋ ತಪ್ಪೋ ಎಂಬ ಚರ್ಚೆ ಅವರಿಗೆ ಬಿಟ್ಟದ್ದು. ನಮಗೆ ಮುಖ್ಯವಾಗಬೇಕಾದದ್ದು, ತನ್ನ ನೆಲದ ಒಂದು ಭಾಷೆ ಉಳಿಯಬೇಕೆಂದು ಹೊರಟ ಸರ್ಕಾರ ಮೊದಲು ಆ ಭಾಷೆ ಬರುತ್ತದೋ ಇಲ್ಲವೋ ಎಂದು ಅಳೆಯುವ ಕೋಲನ್ನು ಮಾಡಿಟ್ಟುಕೊಂಡಿತು ಎಂಬುದು. ನಾವು ನಲವತ್ತು ವರ್ಷಗಳಿಂದ ಕನ್ನಡ ಬಲ್ಲವರಿಗೆ ಕೆಲಸ ಎನ್ನುತ್ತಿದ್ದೇವೆ. ಕೋಲು ಮಾತ್ರ ಇನ್ನೂ ಮಾಡಿಲ್ಲ.

ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಕೊಟ್ಟ ವರದಿ ಕನ್ನಡಿಗ ಎಂದರೆ ಯಾರು ಎಂಬುದಕ್ಕೆ ಎರಡು ಗುರುತು ಹೇಳಿತ್ತು: ರಾಜ್ಯದಲ್ಲಿ 15 ವರ್ಷ ನೆಲೆಸಿರಬೇಕು, ಕನ್ನಡ ಬರಬೇಕು. 15 ವರ್ಷ ಎಣಿಸುವುದು ಸುಲಭ; ರೇಷನ್ ಕಾರ್ಡು, ಮತದಾರರ ಪಟ್ಟಿ ಇವೆ. ಕನ್ನಡ ಬರುತ್ತದೆಂದು ಹೇಗೆ ತಿಳಿಯುವುದು? 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿದ ಸ್ಥಳೀಯ ಅಭ್ಯರ್ಥಿಗಳ ಉದ್ಯೋಗ ಮಸೂದೆಯೂ ಇದೇ ಪ್ರಶ್ನೆಗೆ ಬಂದು ನಿಂತಿತು. ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ವಾಸವಿರಬೇಕು, ಕನ್ನಡ ಆಡಲು, ಓದಲು, ಬರೆಯಲು ಬರಬೇಕು ಎಂದಿತು. ಬರುತ್ತದೆಂಬುದಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಒಂದು ಭಾಷೆಯಾಗಿ ಓದಿದ್ದರೆ ಸಾಕು. ಇಲ್ಲದವರು ನೋಡಲ್ ಸಂಸ್ಥೆಯೊಂದು ನಡೆಸುವ ಪರೀಕ್ಷೆ ಪಾಸು ಮಾಡಬೇಕು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂಬ ಅಂಕಿಗಳ ಮೇಲೆ ಉದ್ಯಮಿಗಳು ಗದ್ದಲ ಎಬ್ಬಿಸಿದರು, ಒಂದೆರಡು ದಿನದಲ್ಲೇ ಮಸೂದೆ ತಡೆಗೆ ಬಿತ್ತು. ಆ ಗದ್ದಲದಲ್ಲಿ ಪರೀಕ್ಷೆಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಅದು ಎಂಥ ಪರೀಕ್ಷೆ, ಯಾವ ಮಟ್ಟದ್ದು, ಮಾತೂ ಇರುತ್ತದೋ ಬರೀ ಬರವಣಿಗೆಯೋ, ಏನೂ ಗೊತ್ತಾಗದೆ ಕಡತ ಮುಚ್ಚಿತು. ನನ್ನ ಮಟ್ಟಿಗೆ ಮಸೂದೆಯಲ್ಲಿ ಬೆಲೆಬಾಳುವ ವಾಕ್ಯ ಆ ಪರೀಕ್ಷೆಯದೊಂದೇ ಆಗಿತ್ತು.

ಈ ಪ್ರಶ್ನೆ ಬೆಂಗಳೂರಿಗಿಂತ ಚೆನ್ನಾಗಿ ಅರ್ಥವಾಗುವುದು ತುಮಕೂರು ಜಿಲ್ಲೆಯ ಬರಗೂರು, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ. ಪಾವಗಡ ತಾಲ್ಲೂಕನ್ನು ನಕ್ಷೆಯಲ್ಲಿ ನೋಡಿದರೆ ಸುತ್ತ ಬಹುಪಾಲು ಆಂಧ್ರದ ನೆಲ. ಅಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಕಚೇರಿಯಲ್ಲಿ ಕನ್ನಡ. ಶಿರಾ ಪೇಟೆಯಲ್ಲಿ ಉರ್ದು ಮನೆಮಾತಿನವರು ತಲೆತಲಾಂತರದಿಂದ ಇದ್ದಾರೆ. ಗಡಿಯಾಚೆ ಹೋದರೆ ಮಡಕಶಿರಾ, ಅಮರಾಪುರಂ, ರೊಳ್ಳ, ಅಗಳಿ. ರಾಜ್ಯ ಆಂಧ್ರ, ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಈಗ ಮಸೂದೆಯ ಅಳತೆಯನ್ನು ಇಲ್ಲಿಗೆ ತಂದು ಇಟ್ಟು ನೋಡಿ. ಪಾವಗಡದ ತೆಲುಗು ಮನೆಯ ಹುಡುಗಿ ಕನ್ನಡ ಪ್ರಥಮ ಭಾಷೆಯಲ್ಲಿ 125ಕ್ಕೆ 120 ತೆಗೆದಿರುತ್ತಾಳೆ, ಅವಳು ಒಳಗೆ. ಅಮರಾಪುರಂನ ಹುಡುಗ ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿ, ಕನ್ನಡದಲ್ಲೇ ಹತ್ತು ವರ್ಷ ಓದಿರುತ್ತಾನೆ, ಅವನು ಹೊರಗೆ. ಹುಟ್ಟಿದ್ದು ಆಚೆ ಕಡೆ ತಾನೆ? ಇತ್ತ ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಕನ್ನಡವನ್ನು ಮೂರನೇ ಭಾಷೆಯಾಗಿ ಹೇಗೋ ದಾಟಿಸಿ, ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ತಡವರಿಸುವವರು ಆರಾಮಾಗಿ ಒಳಗೆ. ಹುಟ್ಟು ಮತ್ತು ಅಂಕಪಟ್ಟಿ, ಇವೆರಡೂ ಭಾಷೆಯನ್ನು ಅಳೆಯುತ್ತಿಲ್ಲ. ಭಾಷೆಯ ಹೆಸರಿನಲ್ಲಿ ಬೇರೇನನ್ನೋ ಅಳೆಯುತ್ತಿವೆ.

ಹಾಗಂತ ನಮ್ಮಲ್ಲಿ ಕನ್ನಡ ಪರೀಕ್ಷೆಗಳು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆ ಇದೆ; 150 ಅಂಕ, 50 ಬಂದರೆ ಪಾಸು, ಎಲ್ಲವೂ ಬರವಣಿಗೆ. ಸಿಇಟಿಯ ಜೊತೆಗೆ ಹೊರನಾಡು, ಗಡಿನಾಡು ಕನ್ನಡಿಗರಿಗೆ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆ ಇದೆ; 50ಕ್ಕೆ 12 ಬಂದರೆ ಅರ್ಹತೆ. ಸ್ಟೇಟ್ ಬ್ಯಾಂಕಿನ ಗುಮಾಸ್ತರ ನೇಮಕಾತಿಯಲ್ಲಿ ಸ್ಥಳೀಯ ಭಾಷೆಯ ಪರೀಕ್ಷೆ ಇದೆ, ಆದರೆ ಹತ್ತನೇ ತರಗತಿಯಲ್ಲೋ ಹನ್ನೆರಡರಲ್ಲೋ ಆ ಭಾಷೆ ಓದಿದ ಅಂಕಪಟ್ಟಿ ತೋರಿಸಿದರೆ ವಿನಾಯಿತಿ. ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಡುವುದನ್ನು, ಕೇಳಿ ತಿಳಿಯುವುದನ್ನು ನಾವು ಗಟ್ಟಿಯಾಗಿ ಪರೀಕ್ಷಿಸುತ್ತಲೇ ಇಲ್ಲ. ಜನ ದೂರುವುದು ಮಾತ್ರ ಅದನ್ನೇ. ಬ್ಯಾಂಕಿನ ಕೌಂಟರಿನ ಆಚೆ ಕೂತವರು ಕನ್ನಡದಲ್ಲಿ ಬರೆಯುವುದಿಲ್ಲ ಎಂದು ಯಾವ ರೈತನೂ ಜಗಳಕ್ಕೆ ನಿಲ್ಲುವುದಿಲ್ಲ. ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲ ಎಂದು ನಿಲ್ಲುತ್ತಾನೆ.

ಕಾಗದವನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ಉದಾಹರಣೆ ಇದೆ. 2016ರ ಕೊನೆಯಲ್ಲಿ ಅಲ್ಲಿನ ಅಂಚೆ ಇಲಾಖೆಗೆ ನಡೆದ ನೇಮಕಾತಿ ಪರೀಕ್ಷೆಯ ತಮಿಳು ವಿಭಾಗದಲ್ಲಿ ಹರಿಯಾಣದಿಂದ ಬಂದ ಅಭ್ಯರ್ಥಿಗಳು ತಮಿಳರನ್ನೇ ಮೀರಿಸಿ ಅಂಕ ತೆಗೆದಿದ್ದರು. ದೊಡ್ಡ ಗಲಾಟೆಯಾಗಿ ಫಲಿತಾಂಶ ರದ್ದಾಯಿತು. ಪೋಸ್ಟ್‌ಮ್ಯಾನ್ ಆಗಬೇಕಾದವರನ್ನು ಎದುರಿಗೆ ಕೂರಿಸಿಕೊಂಡು ಐದು ನಿಮಿಷ ವಿಳಾಸ ಕೇಳಿ ಮಾತಾಡಿಸಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ.

ಫ್ರೆಂಚ್ ಪರೀಕ್ಷೆಯ ಮಾತಿನ ಭಾಗವನ್ನು ಹತ್ತಿರದಿಂದ ನೋಡುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟೆಫ್ ಕೆನಡಾದಲ್ಲಿ ಅದು ಒಟ್ಟು 15 ನಿಮಿಷ, ಎರಡು ಕಂತು. ಮೊದಲ ಐದು ನಿಮಿಷದಲ್ಲಿ ಅಭ್ಯರ್ಥಿಯ ಕೈಗೆ ಒಂದು ಜಾಹೀರಾತು ಕೊಡುತ್ತಾರೆ. ಬಾಡಿಗೆ ಮನೆಯದೋ, ತರಬೇತಿ ಶಿಬಿರದ್ದೋ ಇರಬಹುದು. ಅಭ್ಯರ್ಥಿ ಫೋನ್ ಮಾಡಿದವರಂತೆ ಪರೀಕ್ಷಕರನ್ನು ಪ್ರಶ್ನೆ ಕೇಳಿ ಕೇಳಿ ವಿವರ ತೆಗೆಯಬೇಕು. ಮುಂದಿನ ಹತ್ತು ನಿಮಿಷ ಇನ್ನೊಂದು ಜಾಹೀರಾತು, ಈ ಸಲ ಪರೀಕ್ಷಕರು ಗೆಳೆಯರಂತೆ ಎದುರು ಕೂರುತ್ತಾರೆ. ಅವರು ಒಲ್ಲೆ ಎನ್ನುತ್ತಾರೆ, ಅಭ್ಯರ್ಥಿ ಒಪ್ಪಿಸಬೇಕು. ಬಾಯಿಪಾಠ ಮಾಡಿಕೊಂಡು ಹೋದದ್ದು ಎರಡನೇ ತಕರಾರಿಗೇ ಕೈಕೊಡುತ್ತದೆ. ಇದನ್ನು ಕನ್ನಡಕ್ಕೆ ತಂದುಕೊಳ್ಳಲು ಕಷ್ಟವೇನಿದೆ? ನಾಡಕಚೇರಿಗೆ ಫೋನ್ ಮಾಡಿ ಪಹಣಿ ತಿದ್ದುಪಡಿಗೆ ಏನೇನು ದಾಖಲೆ ಬೇಕು, ಯಾವ ದಿನ ಬರಬೇಕು, ಎಷ್ಟು ಶುಲ್ಕ ಎಂದು ಕೇಳಲಿ. ಮಗಳನ್ನು ಪಿಯುಸಿಗೆ ಪಟ್ಟಣದ ಹಾಸ್ಟೆಲಿಗೆ ಸೇರಿಸಲು ಹಿಂಜರಿಯುವ ಪಕ್ಕದ ಮನೆಯವರನ್ನು ಒಪ್ಪಿಸಲಿ. ಕುವೆಂಪು ಹುಟ್ಟಿದ ವರ್ಷ ಯಾವುದು, ಲೋಪಸಂಧಿಗೆ ಉದಾಹರಣೆ ಕೊಡಿ ಎಂದು ಕೇಳುವ ಪತ್ರಿಕೆಗಿಂತ ಇದು ಎಷ್ಟೋ ಪಾಲು ಹೆಚ್ಚು ಹೇಳುತ್ತದೆ.

ಅಳತೆಗೆ ಮಟ್ಟಗಳಿರಬೇಕು ಎಂಬುದು ಇದಕ್ಕೆ ಅಂಟಿಕೊಂಡ ಮಾತು. ಪಾಸು ಅಥವಾ ಫೇಲು ಎಂಬ ಎರಡೇ ಬಾಗಿಲು ಇಟ್ಟರೆ ಅನ್ಯಾಯ ತಪ್ಪಿದ್ದಲ್ಲ. ತುಮಕೂರು ಶಿರಾ ಹೆದ್ದಾರಿಯ ಪಕ್ಕದ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಯಂತ್ರ ನಡೆಸಲು ಬಂದ ಒಡಿಶಾದವರಿಗೆ ಬೇಕಾದದ್ದು ಎಚ್ಚರಿಕೆಯ ಮಾತು ತಿಳಿಯುವಷ್ಟು, ಬಸ್ಸು ಹತ್ತುವಷ್ಟು ಕನ್ನಡ. ಅವರಿಗೆ ಬರೆಯಲು ಬಾರದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಅದೇ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಅಧಿಕಾರಿಗೆ ಕಾರ್ಮಿಕರ ಅಹವಾಲನ್ನು ಕನ್ನಡದಲ್ಲಿ ಓದಿ ಉತ್ತರಿಸಲು ಬರಲೇಬೇಕು. ತಾಲ್ಲೂಕು ಆಸ್ಪತ್ರೆಯ ದಾದಿಯ ವಿಷಯ ಇನ್ನೂ ಬೇರೆ. ಕರುಳು ಹಿಂಡಿದಂಗಾಯ್ತದೆ, ಕೈಕಾಲು ಜೋಮು ಹಿಡಿದದೆ, ಕಣ್ಣಿಗೆ ಕತ್ತಲೆ ಕವಿದಂಗಾಗಿ ಕುಂತುಬಿಟ್ಟೆ ಎಂದು ಅಜ್ಜಿ ಹೇಳಿದರೆ ಮೂರೂ ಮೂರು ಬೇರೆ ಬೇರೆ ಲಕ್ಷಣ ಎಂದು ಆಕೆಗೆ ಹೊಳೆಯಬೇಕು. ಇಲ್ಲಿ ಕಿವಿಯ ಕನ್ನಡ ಎತ್ತರದ ಮಟ್ಟದಲ್ಲಿರಬೇಕು, ಕೈಯ ಕನ್ನಡ ಸಾಧಾರಣವಿದ್ದರೂ ನಡೆಯುತ್ತದೆ. ಒಂದೇ ಅಂಕಪಟ್ಟಿಯಿಂದ ಈ ಮೂವರನ್ನೂ ಅಳೆಯುವುದು ಯಾವ ನ್ಯಾಯ? ನಾಲ್ಕು ಕೌಶಲ, ಪ್ರತಿಯೊಂದಕ್ಕೂ ನಾಲ್ಕೈದು ಮಟ್ಟ, ಯಾವ ಕೆಲಸಕ್ಕೆ ಯಾವುದರಲ್ಲಿ ಎಷ್ಟು ಬೇಕೆಂಬ ಪಟ್ಟಿ. ಇಷ್ಟಿದ್ದರೆ ಉದ್ಯಮದವರ ಅಂಜಿಕೆಯೂ ಅರ್ಧ ಇಳಿಯುತ್ತದೆ, ಏಕೆಂದರೆ ತಮ್ಮಿಂದ ಏನನ್ನು ನಿರೀಕ್ಷಿಸುತ್ತಾರೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಇದಕ್ಕೆ ಮೊದಲು ಬರುವ ಆಕ್ಷೇಪ ಕನ್ನಡದ ಅಭಿಮಾನಿಗಳದ್ದೇ. ನಮ್ಮ ನೆಲದಲ್ಲಿ ನಾವೇ ಕನ್ನಡದ ಪರೀಕ್ಷೆ ಕೊಡಬೇಕೇ, ಇದು ಅವಮಾನವಲ್ಲವೇ ಎನ್ನುತ್ತಾರೆ. ಈ ಮಾತಿನಲ್ಲಿ ತೂಕವಿದೆ. ಫ್ರೆಂಚರು ಕೆನಡಾದಲ್ಲಿ ಅತಿಥಿಗಳು, ಕನ್ನಡಿಗರು ಕರ್ನಾಟಕದಲ್ಲಿ ಅಲ್ಲ. ಅದಕ್ಕೇ ಇಲ್ಲಿನ ಶಾಲೆಯಲ್ಲಿ ಓದಿದವರನ್ನು ಇನ್ನೊಂದು ಪರೀಕ್ಷೆಗೆ ಅಲೆದಾಡಿಸುವ ಬದಲು ಎಸ್ಸೆಸ್ಸೆಲ್ಸಿಯ ಕನ್ನಡ ಪತ್ರಿಕೆಯಲ್ಲೇ ಮಾತು ಮತ್ತು ಆಲಿಸುವಿಕೆಗೆ ನಿಜವಾದ ಪಾಲು ಕೊಡುವುದು ಮೇಲು. ಈಗ ಪ್ರಥಮ ಭಾಷೆಯಾದರೆ 100 ಅಂಕ ಬರವಣಿಗೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತೈದು ಎಷ್ಟು ಧಾರಾಳವಾಗಿ ಬೀಳುತ್ತವೆ ಎಂಬುದು ಮೇಷ್ಟ್ರುಗಳಿಗೆ ಗೊತ್ತು. ಹೊರಗಿನ ಪರೀಕ್ಷಕರು ಬಂದು ಮಾತಾಡಿಸಿ ಮಟ್ಟ ಬರೆದುಕೊಟ್ಟರೆ ಹತ್ತನೇ ತರಗತಿಯಲ್ಲೇ ಎಲ್ಲರಿಗೂ ಪುಕ್ಕಟೆ ಪ್ರಮಾಣಪತ್ರ ಸಿಕ್ಕ ಹಾಗಾಯಿತು. ಸಾವಿರಾರು ರೂಪಾಯಿ ಸುಲಿಯುವ ವಲಸೆ ಪರೀಕ್ಷೆಗಳ ಆ ಒಂದು ಗುಣವನ್ನು ನಾವು ತರಬೇಕಿಲ್ಲ.

ಎರಡನೆಯದು ಕಾನೂನಿನ ಆಕ್ಷೇಪ, ಗಟ್ಟಿಯಾದದ್ದು. ಕೆನಡಾ ಒಂದು ದೇಶ, ಯಾರನ್ನು ಬಿಟ್ಟುಕೊಳ್ಳಬೇಕೆಂದು ಅದು ತೀರ್ಮಾನಿಸಬಹುದು. ಕರ್ನಾಟಕ ಒಕ್ಕೂಟದ ಒಂದು ರಾಜ್ಯ, ದೇಶದ ಯಾವ ಪ್ರಜೆಯೂ ಇಲ್ಲಿ ಬಂದು ಬದುಕಬಹುದು. ಸರಿ. ಹರಿಯಾಣದ ಸ್ಥಳೀಯರ ಉದ್ಯೋಗ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಹೊಡೆದುಹಾಕಿದ್ದು ಇದೇ ಜಾಡಿನಲ್ಲಿ. ಆದರೆ ಆ ತೀರ್ಪು ಓದಿ ಕೈಚೆಲ್ಲುವವರು ಸಂವಿಧಾನದ 16ನೇ ವಿಧಿಯ ಎರಡನೇ ಉಪವಿಧಿಯನ್ನೂ ಓದಬೇಕು. ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳ ಇವಿಷ್ಟರ ಮೇಲೆ ತಾರತಮ್ಯ ಮಾಡಬಾರದು ಎನ್ನುತ್ತದೆ ಅದು. ಆ ಪಟ್ಟಿಯಲ್ಲಿ ಜನ್ಮಸ್ಥಳವಿದೆ, ಭಾಷೆಯಿಲ್ಲ. 2024ರ ಮಸೂದೆ ಕೋರ್ಟಿಗೆ ಹೋಗಿದ್ದರೆ ಬಹುಶಃ ಮೊದಲು ಉರುಳುತ್ತಿದ್ದದ್ದು ಇಲ್ಲಿ ಹುಟ್ಟಿರಬೇಕು ಎಂಬ ಷರತ್ತು. ಕೆಲಸಕ್ಕೆ ಬೇಕಾದಷ್ಟು ಕನ್ನಡ ಬರಬೇಕು ಎಂಬುದನ್ನು ಸಮರ್ಥಿಸಿಕೊಳ್ಳುವುದು ಅದಕ್ಕಿಂತ ಸುಲಭ. ಅಳತೆ ಪಾರದರ್ಶಕವಾಗಿದ್ದರೆ ಇನ್ನೂ ಸುಲಭ. ಖಾಸಗಿ ಉದ್ಯೋಗದಲ್ಲಂತೂ ಕೆನಡಾದ ದಾರಿಯೇ ಜಾಣತನದ್ದು. ಅಲ್ಲಿ ಫ್ರೆಂಚ್ ಬಾರದವರಿಗೆ ಬಾಗಿಲು ಮುಚ್ಚಿಲ್ಲ, ಬಂದವರಿಗೆ ಅಂಕ ಹೆಚ್ಚು, ಅಷ್ಟೆ. ಜಮೀನು, ತೆರಿಗೆ ರಿಯಾಯಿತಿ ಪಡೆಯುವ ಕಂಪನಿಗೆ, ನಿಮ್ಮ ಇಷ್ಟು ನೌಕರರು ಇಂಥ ಮಟ್ಟದ ಕನ್ನಡ ಪ್ರಮಾಣಪತ್ರ ತಂದರೆ ರಿಯಾಯಿತಿ ಇನ್ನಷ್ಟು ಎನ್ನಬಹುದು. ದಂಡ ಹಾಕುವ ಇನ್‌ಸ್ಪೆಕ್ಟರಿಗಿಂತ ಇದು ಅಗ್ಗ, ಲಂಚಕ್ಕೂ ಕಡಿಮೆ ಅವಕಾಶ.

ಯಾವ ಕನ್ನಡವನ್ನು ಅಳೆಯುತ್ತೀರಿ ಎಂಬ ಪ್ರಶ್ನೆ ಇವೆರಡಕ್ಕಿಂತಲೂ ನನ್ನನ್ನು ಹೆಚ್ಚು ಕಾಡುತ್ತದೆ. ಟೆಫ್ ಪರೀಕ್ಷೆಯನ್ನು ರೂಪಿಸುವುದು ಪ್ಯಾರಿಸ್ ಪ್ರದೇಶದ ವಾಣಿಜ್ಯ ಮಂಡಳಿ, ಟಿಸಿಎಫ್ ಅನ್ನು ಫ್ರಾನ್ಸಿನ ಸರ್ಕಾರಿ ಸಂಸ್ಥೆ. ಕೆನಡಾದಲ್ಲಿ ಬದುಕಲು ಬೇಕಾದ ಫ್ರೆಂಚನ್ನು ಅಟ್ಲಾಂಟಿಕ್ ಆಚೆಯವರು ಅಳೆಯುವ ಈ ಏರ್ಪಾಡು ವಿಚಿತ್ರವೇ. ನಮ್ಮಲ್ಲೂ ಹಾಗಾಗುವ ಅಪಾಯವಿದೆ. ಮೈಸೂರು ಬೆಂಗಳೂರಿನ ಶಿಷ್ಟ ಕನ್ನಡವನ್ನೇ ತಕ್ಕಡಿಗೆ ಹಾಕಿದರೆ ಕಲಬುರಗಿಯವರು, ಕುಂದಾಪುರದವರು, ತೆಲುಗಿನ ಎಳೆತ ಬೆರೆಸಿ ಆಡುವ ಪಾವಗಡದವರು ಕನ್ನಡದ ಪರೀಕ್ಷೆಯಲ್ಲೇ ಸೋಲುತ್ತಾರೆ. ಬರಗೂರು ಈ ನಾಡಿಗೆ ಒಬ್ಬ ಬರಗೂರು ರಾಮಚಂದ್ರಪ್ಪನವರನ್ನು ಕೊಟ್ಟ ಊರು. ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷಗಿರಿಯವರೆಗೆ ಹೋದ ಕನ್ನಡ ಈ ಸೀಮೆಯದು ಎಂಬುದನ್ನು ಪರೀಕ್ಷೆ ರೂಪಿಸುವವರು ನೆನಪಿಡಲಿ. ಆಲಿಸುವ ಭಾಗಕ್ಕೆ ನಾಲ್ಕೂ ದಿಕ್ಕಿನ ದನಿಗಳನ್ನು ಮುದ್ರಿಸಿಕೊಳ್ಳಬೇಕು. ಮಾತಿನ ಭಾಗದಲ್ಲಿ ಹೇಳಬೇಕಾದ್ದು ಮುಟ್ಟಿತೋ ಇಲ್ಲವೋ ನೋಡಬೇಕು, ಹಕಾರ ಅಕಾರ ಎಣಿಸಕೂಡದು.

ಇಷ್ಟನ್ನು ನಡೆಸುವವರು ಯಾರು? ಲೋಕಸೇವಾ ಆಯೋಗದ ಕೈಗೆ ಕೊಡಿ ಎಂದು ಹೇಳುವ ಧೈರ್ಯ ಈಗ ಯಾರಿಗೂ ಇರಲಾರದು. 2024ರ ಆಗಸ್ಟ್‌ನ ಗೆಜೆಟೆಡ್ ಪ್ರೊಬೇಷನರ್ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕಿಳಿದ ಪ್ರಶ್ನೆಗಳು ಎಷ್ಟು ಹದಗೆಟ್ಟಿದ್ದವೆಂದರೆ ಮುಖ್ಯಮಂತ್ರಿಯೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು ಎದ್ದಿತು. ಕನ್ನಡದಲ್ಲಿ ಓದಿದ ಮಕ್ಕಳು ಪ್ರಶ್ನೆ ಅರ್ಥವಾಗಲು ಅದರ ಇಂಗ್ಲಿಷ್ ರೂಪದ ಕಡೆ ತಿರುಗಬೇಕಾದದ್ದು ನಾಚಿಕೆಗೇಡು. ಆದರೆ ನಾಡಿನಲ್ಲಿ ಬಲ್ಲವರಿಗೆ ಬರವಿಲ್ಲ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ, ಭಾಷಾ ಪರೀಕ್ಷೆಗಳ ಬಗ್ಗೆ ಅಲ್ಲಿ ಕೆಲಸವೂ ನಡೆದಿದೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂದು ನಾಲ್ಕು ಮೆಟ್ಟಿಲ ಪರೀಕ್ಷೆಗಳನ್ನು ನಡೆಸಿಕೊಂಡು ಬಂದಿದೆ. ಅವು ಸಾಹಿತ್ಯ, ವ್ಯಾಕರಣದ ಕಡೆ ವಾಲಿದರೂ ಮೆಟ್ಟಿಲು ಕಟ್ಟುವ ಕಲ್ಪನೆ ನಮಗೆ ಹೊಸದಲ್ಲ ಎಂದು ತೋರಿಸುತ್ತವೆ. ಇನ್ನು ಪರೀಕ್ಷೆ ಬಂದರೆ ಟ್ಯುಟೋರಿಯಲ್ ಬರುತ್ತದೆ, ದಲ್ಲಾಳಿ ಬರುತ್ತಾನೆ ಎಂಬ ಮಾತು. ಬರುತ್ತಾನೆ. ಬೇರೊಬ್ಬರನ್ನು ಕಳುಹಿಸಿ ಓಎಂಆರ್ ತುಂಬಿಸುವುದಕ್ಕಿಂತ, ಮುಖ ನೋಡಿ ಗುರುತು ಹಚ್ಚಿ, ಧ್ವನಿ ಮುದ್ರಿಸಿಟ್ಟ ಮಾತಿನ ಪರೀಕ್ಷೆಯಲ್ಲಿ ಅವನ ಕೆಲಸ ಕಷ್ಟ. ಕನ್ನಡ ಕಲಿಸುವ ಟ್ಯುಟೋರಿಯಲ್ ಬೀದಿಗೊಂದು ಹುಟ್ಟಿದರೆ ಅಳುವವರಾರು?

ಕಲಿಸದೆ ಅಳೆಯುವುದು ಮಾತ್ರ ಸಲ್ಲದು. ಕೆನಡಾ ಸರ್ಕಾರ ನೆಲೆಸಲು ಬಂದವರಿಗೆ 1992ರಿಂದ ಪುಕ್ಕಟೆ ಭಾಷಾ ತರಗತಿ ನಡೆಸುತ್ತಿದೆ. ಕ್ವಿಬೆಕ್ 2023ರ ಜೂನ್‌ನಲ್ಲಿ ಫ್ರೆಂಚ್ ಕಲಿಕೆಗೆಂದೇ ಏಕಗವಾಕ್ಷಿ ಸಂಸ್ಥೆ ತೆರೆದಿದೆ. ಅದೇ ಕ್ವಿಬೆಕ್ 2022ರ ಕಾಯ್ದೆಯಲ್ಲಿ, ವಲಸೆ ಬಂದು ಆರು ತಿಂಗಳಾದ ಮೇಲೆ ಸರ್ಕಾರಿ ವ್ಯವಹಾರವೆಲ್ಲ ಕೆಲವು ವಿನಾಯಿತಿ ಬಿಟ್ಟು ಫ್ರೆಂಚಿನಲ್ಲೇ ಎಂದು ಬಿಗಿ ಮಾಡಿದ್ದು ನನಗೆ ಸರಿಕಾಣುವುದಿಲ್ಲ. ಆರು ತಿಂಗಳಲ್ಲಿ ಆಸ್ಪತ್ರೆಯ, ಕಚೇರಿಯ ಭಾಷೆ ಕೂಲಿಯವರ ಬಾಯಿಗೆ ಬರುವುದಿಲ್ಲ. ನಮ್ಮ ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಕನ್ನಡೇತರರಿಗೆ ಕಲಿಕಾ ಕೇಂದ್ರ ನಡೆಸುತ್ತದೆ. ಅವು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವಷ್ಟೇ ವಸಂತನರಸಾಪುರದ ಕಾರ್ಖಾನೆ ಗೇಟಿನಲ್ಲೂ, 13,000 ಎಕರೆ ಹರಡಿದ ಪಾವಗಡದ ಸೋಲಾರ್ ಪಾರ್ಕಿನ ಸಿಬ್ಬಂದಿ ವಸತಿಯಲ್ಲೂ ಬೇಕು, ಪಾಳಿ ಮುಗಿದ ಹೊತ್ತಿಗೆ.

ಅಷ್ಟು ದೊಡ್ಡ ಏರ್ಪಾಡಿಗೆ ಕಾಲ ಹಿಡಿಯುತ್ತದೆ ಎನ್ನುವವರು ಸಣ್ಣದೊಂದರಿಂದ ಆರಂಭಿಸಲಿ. ಸಿಇಟಿಯ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂದು ಪರಿಗಣಿಸಲು ಕೊಟ್ಟ ಪಟ್ಟಿಯಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳಿವೆ. ಮಡಕಶಿರಾ ಇಲ್ಲ. ಅಲ್ಲಿನ ಕನ್ನಡ ಶಾಲೆಯ ಮಕ್ಕಳು ಹೊರನಾಡಿನವರೆಂಬ ಬಾಗಿಲಿನಿಂದಲೇ ಬರಬೇಕು, ದೆಹಲಿ ಮುಂಬೈಯವರ ಸಾಲಿನಲ್ಲಿ. ಆ ಪಟ್ಟಿ ವಿವಾದಿತ ಗಡಿಯ ಲೆಕ್ಕದಲ್ಲಿ ಹುಟ್ಟಿದ್ದು, ಭಾಷೆಯ ಲೆಕ್ಕದಲ್ಲಲ್ಲ. ಮಡಕಶಿರಾ ಸೀಮೆಯನ್ನು ಅದಕ್ಕೆ ಸೇರಿಸಿ, ಆ 50 ಅಂಕದ ಪತ್ರಿಕೆಗೆ ಹತ್ತು ನಿಮಿಷದ ಮಾತಿನ ಪರೀಕ್ಷೆಯನ್ನೂ ಜೋಡಿಸಿ, ಪಾವಗಡದಲ್ಲೋ ಶಿರಾದಲ್ಲೋ ಒಂದು ಕೇಂದ್ರ ತೆರೆಯುವುದಕ್ಕೆ ವಿಧಾನಸಭೆಯಲ್ಲಿ ಮಸೂದೆ ಮಂಡಿಸಬೇಕಿಲ್ಲ. ನಿಯಮಗಳಿಗೆ ಒಂದು ತಿದ್ದುಪಡಿ ಸಾಕು, ಮುಂದಿನ ಸಿಇಟಿಗೆ ಮುಂಚೆಯೇ.